ಟಿಎಸ್‌ಎಚ್ ನಾರ್ಮಲ್ ಅಂತಾರೆ, ತಲೆಯ ಮಬ್ಬು ಮಾತ್ರ ಹೋಗಿಲ್ಲ

ಪ್ರಶ್ನೆ: ನನಗೆ 41 ವರ್ಷ, ತೂಕ 62 ಕೆ.ಜಿ. ಹಾಸನ ಜಿಲ್ಲೆಯಲ್ಲಿ ಪ್ರೌಢಶಾಲಾ ಶಿಕ್ಷಕಿ. ಏಳು ತಿಂಗಳ ಹಿಂದೆ ಥೈರಾಯ್ಡ್ ಪರೀಕ್ಷೆಯಲ್ಲಿ ಟಿಎಸ್‌ಎಚ್ 38 ಬಂದಿತ್ತು, ಥೈರಾಯ್ಡ್ ವಿರುದ್ಧದ ಪ್ರತಿಕಾಯವಾದ ಆಂಟಿ-ಟಿಪಿಒ ಕೂಡ ಜಾಸ್ತಿ ಇತ್ತು. 75 ಎಂಸಿಜಿ (ಮೈಕ್ರೊಗ್ರಾಂ) ಥೈರಾಯ್ಡ್ ಮಾತ್ರೆ ಶುರು ಮಾಡಿದರು. ಈಗ ಟಿಎಸ್‌ಎಚ್ 3.9, ‘ನಾರ್ಮಲ್’ ಎಂದರು. ಆದರೆ ಬೋರ್ಡ್ ಮುಂದೆ ನಿಂತಾಗ ಬೇಕಾದ ಪದ ಬಾಯಿಗೆ ಬರುವುದಿಲ್ಲ, ಮಕ್ಕಳ ಹೆಸರು ಮರೆಯುತ್ತೇನೆ. ಯಾವುದರಲ್ಲೂ ಆಸಕ್ತಿ ಇಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ. ಮನೆಯಲ್ಲಿ ಸೋಮಾರಿತನ ಅಂತಾರೆ. ಬೆಳಿಗ್ಗೆ ಆರಕ್ಕೆ ಮಾತ್ರೆ, ಹತ್ತು ನಿಮಿಷ ಬಿಟ್ಟು ಕಾಫಿ, ಎಂಟಕ್ಕೆ ತಿಂಡಿ ಜೊತೆ ಕ್ಯಾಲ್ಸಿಯಂ ಮಾತ್ರೆ. ಕೂದಲು ಉದುರುತ್ತದೆಂದು ಬಯೋಟಿನ್ ಕೂಡ ತಗೊಳ್ಳುತ್ತೇನೆ. ಡೋಸ್ ಜಾಸ್ತಿ ಮಾಡಿಸಬೇಕೆ? ಟಿ3 ಸೇರಿಸಿದರೆ ಮೆದುಳು ಚುರುಕಾಗುತ್ತದಂತೆ, ನಿಜವೇ?

ಉತ್ತರ: ಇದು ಸೋಮಾರಿತನವಲ್ಲ. ಹಾಗೆನ್ನುವವರಿಗೆ ಈ ಉತ್ತರವನ್ನೇ ಓದಲು ಕೊಡಿ. ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಹೇಳುವ ಹಾರ್ಮೋನು, ಗ್ರಂಥಿ ಸೋತಷ್ಟೂ ಅದು ಏರುತ್ತದೆ. ಮೆದುಳಿನ ನರಕೋಶಗಳಿಗೆ ಬೇಕಾಗುವುದು ಟಿ3 ಹಾರ್ಮೋನು. ಥೈರಾಯ್ಡ್ ಗ್ರಂಥಿಯಿಂದ ಅಥವಾ ಮಾತ್ರೆಯಿಂದ ರಕ್ತದಲ್ಲಿ ಬಂದ ಟಿ4 ಹಾರ್ಮೋನನ್ನು ಮೆದುಳು ಬಹುಪಾಲು ತನ್ನೊಳಗೇ ಟಿ3 ಮಾಡಿಕೊಳ್ಳುತ್ತದೆ. ಟಿ4 ತಿಂಗಳುಗಟ್ಟಲೆ ಕಡಿಮೆಯಾದರೆ ಗಮನ, ಪದ ಹುಡುಕುವ ವೇಗ, ಈಗಷ್ಟೇ ಕೇಳಿದ್ದನ್ನು ಹಿಡಿದಿಡುವ ಶಕ್ತಿ, ಮನಸ್ಸಿನ ಹುರುಪು ಎಲ್ಲವೂ ಕುಗ್ಗುತ್ತವೆ. ಮಾತ್ರೆ ಶುರುವಾದ ಮೇಲೆ ರಿಪೋರ್ಟ್ ಮೊದಲು ಸರಿಹೋಗುತ್ತದೆ. ಮಬ್ಬು ಮತ್ತು ಬೇಸರ ಕರಗಲು ಅದಾದ ಮೇಲೂ ಕೆಲವು ತಿಂಗಳು ಹಿಡಿಯಬಹುದು. 38ರಿಂದ ಇಳಿದವರಿಗೆ ಈ ಅಂತರ ಸಾಮಾನ್ಯ.

ಆದರೆ ನಿಮ್ಮ ವಿಷಯದಲ್ಲಿ ‘ಕಾಯಿರಿ’ ಎಂದಷ್ಟೇ ಹೇಳಿ ಮುಗಿಸುವಂತಿಲ್ಲ. ನಿಮ್ಮ ಬೆಳಗಿನ ಎರಡು ಗಂಟೆಯಲ್ಲೇ ಮೂರು ತೊಂದರೆಗಳಿವೆ.

ಮೊದಲನೆಯದು ಕಾಫಿ. ಲೆವೊಥೈರಾಕ್ಸಿನ್ (ನಿಮ್ಮ ಥೈರಾಯ್ಡ್ ಮಾತ್ರೆ, ಅಂದರೆ ಟಿ4) ಖಾಲಿ ಹೊಟ್ಟೆಯಲ್ಲಿ ತಗೊಂಡರೂ ದೇಹಕ್ಕೆ ಸೇರುವುದು ಸುಮಾರು 60ರಿಂದ 80 ಶೇಕಡಾ. ಹತ್ತೇ ನಿಮಿಷಕ್ಕೆ ಹಾಲು ಹಾಕಿದ ಕಾಫಿ ಕುಡಿದರೆ ಅದೂ ಇಳಿಯುತ್ತದೆ. ನೀರಲ್ಲಿ ಮಾತ್ರೆ ನುಂಗಿ, ಪೂರ್ತಿ ಒಂದು ಗಂಟೆ ಬೇರೇನೂ ಬೇಡ. ಎರಡನೆಯದು ಕ್ಯಾಲ್ಸಿಯಂ. ಹೊಟ್ಟೆಯಲ್ಲಿ ಅದು ಹಾರ್ಮೋನನ್ನು ಹಿಡಿದುಕೊಂಡು ರಕ್ತಕ್ಕೆ ಹೋಗದಂತೆ ಮಾಡುತ್ತದೆ. ನಡುವೆ ನಾಲ್ಕು ಗಂಟೆ ಅಂತರ ಬೇಕು, ನಿಮ್ಮಲ್ಲಿರುವುದು ಎರಡೇ. ಮಧ್ಯಾಹ್ನದ ಊಟದ ಜೊತೆಗೆ ಹಾಕಿಕೊಳ್ಳಿ. ಕಬ್ಬಿಣದ ಮಾತ್ರೆಗೂ ಇದೇ ಲೆಕ್ಕ. ದಿನವೂ ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ತಗೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಕರಗುವುದಿಲ್ಲ.

ಮೂರನೆಯದು ಬಯೋಟಿನ್ ಎಂಬ ವಿಟಮಿನ್, ನನಗೆ ಹೆಚ್ಚು ಚಿಂತೆ ಅದರದ್ದೇ. ಕೂದಲಿಗೆಂದು ಮಾರುವ ಮಾತ್ರೆಗಳಲ್ಲಿ ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂ ಬಯೋಟಿನ್ ಇರುತ್ತದೆ. ಅದು ಥೈರಾಯ್ಡ್‌ಗೆ ಏನೂ ಮಾಡುವುದಿಲ್ಲ, ಲ್ಯಾಬಿನ ಪರೀಕ್ಷೆಯನ್ನು ಕೆಡಿಸುತ್ತದೆ. ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆಯಾಗಿಯೂ ಟಿ4 ಜಾಸ್ತಿಯಾಗಿಯೂ ಬರುತ್ತದೆ. ಅಂದರೆ ನಿಮ್ಮ 3.9 ನಿಜಕ್ಕೂ 3.9 ಹೌದೋ ಅಲ್ಲವೋ ಹೇಳಲಾಗದು. ಇಂಥ ರಿಪೋರ್ಟ್ ನೋಡಿ ಡೋಸ್ ಇಳಿಸಿದರೆ ಮಬ್ಬು ಇನ್ನೂ ಹೆಚ್ಚುತ್ತದೆ. ಪರೀಕ್ಷೆಗೆ ಮೂರು ದಿನ ಮೊದಲೇ ಬಯೋಟಿನ್ ನಿಲ್ಲಿಸಿ.

ಈ ಮೂರನ್ನೂ ಸರಿಪಡಿಸಿ, ಡೋಸ್ ಮುಟ್ಟದೆ, ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಮತ್ತು ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಟಿ4) ಪರೀಕ್ಷೆ ಮಾಡಿಸಿ. ಅಷ್ಟು ದಿನ ಏಕೆಂದರೆ ದೇಹದಲ್ಲಿರುವ ಟಿ4 ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು, ಹೊಸ ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ. ಹದಿನೈದು ದಿನಕ್ಕೇ ಮಾಡಿಸಿದ ಟಿಎಸ್‌ಎಚ್ ದುಡ್ಡು ದಂಡ. ಪ್ರತಿ ಸಲವೂ ಬೆಳಿಗ್ಗೆ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ಲ್ಯಾಬಿನಲ್ಲಿ, ಅಂದಿನ ಮಾತ್ರೆ ನುಂಗುವ ಮೊದಲು ರಕ್ತ ಕೊಡಿ. ಟಿಎಸ್‌ಎಚ್ ಮಧ್ಯಾಹ್ನದ ಹೊತ್ತಿಗೆ ತಾನಾಗಿ ಇಳಿಯುತ್ತದೆ, ಟಿ4 ಮಾತ್ರೆ ನುಂಗಿದ ಕೆಲವು ಗಂಟೆ ಏರಿರುತ್ತದೆ.

ಬೆಳಗಿನ ಕಾಫಿ ಬಿಡಲಾಗದು, ಒಂದು ಗಂಟೆ ಕಾಯಲೂ ಆಗದು ಎನ್ನುವವರು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು, ಮಲಗುವಾಗ ತಗೊಳ್ಳಬಹುದು. ಎಂಟಕ್ಕೆ ಊಟ ಮುಗಿಸಿದರೆ ಹನ್ನೊಂದಕ್ಕೆ ಮಾತ್ರೆ, ನಡುವೆ ಹಾಲು ಬೇಡ. ಒಂದು ವಾರ ಬೆಳಿಗ್ಗೆ, ಒಂದು ವಾರ ರಾತ್ರಿ ಎಂದು ಬದಲಿಸಬೇಡಿ. ಬ್ರ್ಯಾಂಡ್ ಕೂಡ ಅಷ್ಟೇ, ಮೆಡಿಕಲ್ ಸ್ಟೋರಿನವರು ಬೇರೆ ಕಂಪನಿಯದು ಕೊಟ್ಟರೆ ಆರೆಂಟು ವಾರಕ್ಕೆ ಮತ್ತೆ ಪರೀಕ್ಷೆ ಬೇಕಾಗುತ್ತದೆ. ಮಾತ್ರೆಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ, ಒಲೆಯ ಮೇಲಿನ ಗೂಡಿನಲ್ಲಿ ಇಡಬೇಡಿ. ಶಾಖಕ್ಕೂ ತೇವಕ್ಕೂ ಅದರ ಶಕ್ತಿ ಇಳಿಯುತ್ತದೆ.

ಇನ್ನು ಡೋಸ್. ಗ್ರಂಥಿ ಪೂರ್ತಿ ಕೆಲಸ ನಿಲ್ಲಿಸಿದವರಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 1.6 ಎಂಸಿಜಿ ಬೇಕು, 62 ಕೆ.ಜಿ.ಗೆ ಹತ್ತಿರ ಹತ್ತಿರ 100. ಗ್ರಂಥಿ ಇನ್ನೂ ಅಲ್ಪಸ್ವಲ್ಪ ಕೆಲಸ ಮಾಡುತ್ತಿದ್ದರೆ 75 ಸಾಕಾಗಬಹುದು. ಸರಿಯಾಗಿ ನುಂಗಿದ ಮೇಲೂ ಟಿಎಸ್‌ಎಚ್ 4ರ ಅಂಚಿನಲ್ಲೇ ನಿಂತು, ಮಬ್ಬೂ ಹಾಗೇ ಇದ್ದರೆ ಸ್ವಲ್ಪ ಏರಿಸಿ ನೋಡಲು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಅದರ ಮೇಲೆ ಬಹಳ ಆಸೆ ಇಡಬೇಡಿ. ನಾರ್ಮಲ್ ಮಿತಿಯೊಳಗೇ ಟಿಎಸ್‌ಎಚ್ ಅನ್ನು ಮೇಲೆ ಕೆಳಗೆ ಮಾಡಿ ನೋಡಿದ ಅಧ್ಯಯನದಲ್ಲಿ ಮನಸ್ಸಿಗಾಗಲಿ ನೆನಪಿಗಾಗಲಿ ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ‘ಇನ್ನಷ್ಟು ಚುರುಕಾಗಲಿ’ ಎಂದು ಟಿಎಸ್‌ಎಚ್ 0.1ಕ್ಕಿಂತ ಕೆಳಗೆ ತಳ್ಳಿದರೆ ಎದೆಬಡಿತ ತಾಳ ತಪ್ಪಬಹುದು, ಮೂಳೆ ಸವೆಯಬಹುದು, ನಿದ್ದೆ ಕೆಡಬಹುದು. ನಿದ್ದೆ ಕೆಟ್ಟರೆ ಮಬ್ಬು ವಾಪಸ್.

ಟಿ3 ಸೇರಿಸುವ ವಿಚಾರವೂ ಹೀಗೆಯೇ. ಟಿ4 ಒಂದನ್ನೇ ಕೊಟ್ಟವರಿಗೂ ಎರಡನ್ನೂ ಕೊಟ್ಟವರಿಗೂ ಮಾಡಿದ ಹೋಲಿಕೆಗಳಲ್ಲಿ ಎಲ್ಲರಿಗೂ ಅನ್ವಯಿಸುವ ಲಾಭ ಸಿಕ್ಕಿಲ್ಲ. ಕೆಲವರಿಗೆ ಹಿತವೆನಿಸಿದೆ. ಉಳಿದ ಕಾರಣಗಳನ್ನೆಲ್ಲ ನೋಡಿಯಾದ ಮೇಲೆ, ಹಾರ್ಮೋನು ತಜ್ಞರ ಕಣ್ಣಳತೆಯಲ್ಲಿ, ಕೆಲವು ತಿಂಗಳ ಪ್ರಯೋಗವಾಗಿ ಮಾತ್ರ ಅದನ್ನು ನೋಡಬಹುದು. ಮೊದಲ ಹೆಜ್ಜೆ ಅದಾಗಬಾರದು.

ಆ ಉಳಿದ ಕಾರಣಗಳು ಯಾವುವು? ಮುಂದಿನ ಸಲ ರಕ್ತ ಕೊಡುವಾಗಲೇ ಬಿ12, ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ, ಸಕ್ಕರೆ ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ತೀರಾ ಸಾಮಾನ್ಯ, ಅದರ ಲಕ್ಷಣವೂ ಮರೆವು, ಬೇಸರ, ಸುಸ್ತೇ. ನಿಮಗಿರುವಂಥ ಆಟೋಇಮ್ಯೂನ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ದಾಳಿ ಮಾಡುವ) ಥೈರಾಯ್ಡ್ ತೊಂದರೆಯಲ್ಲಿ ಬಿ12 ಹೀರುವುದಕ್ಕೇ ಅಡ್ಡಿಯಾಗುವ ಕಾಯಿಲೆಯೂ ಕೆಲವರಲ್ಲಿ ಜೊತೆಗಿರುತ್ತದೆ. ಥೈರಾಯ್ಡ್ ಕಡಿಮೆಯಾದಾಗ ಮುಟ್ಟಿನ ಸ್ರಾವ ಹೆಚ್ಚುವುದುಂಟು, ಅದರಿಂದ ಕಬ್ಬಿಣ ಖಾಲಿಯಾಗುತ್ತದೆ. ಜೋರಾಗಿ ಗೊರಕೆ, ಎದ್ದಾಗ ತಲೆಭಾರ, ಹಗಲಲ್ಲಿ ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ಇದೆಯೇ ನೋಡಬೇಕು.

ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು ‘ಯಾವುದರಲ್ಲೂ ಆಸಕ್ತಿ ಇಲ್ಲ’ ಎನ್ನುವುದು. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಹೀಗೇ ಇದ್ದರೆ ಅದನ್ನು ಖಿನ್ನತೆ ಎಂದೇ ಪರಿಗಣಿಸಿ ನೋಡಬೇಕು. ಥೈರಾಯ್ಡ್ ಸರಿಯಾದರೆ ಅದೂ ಹೋಗುತ್ತದೆ ಎಂದು ವರ್ಷಗಟ್ಟಲೆ ಕಾಯುವುದು ಸರಿಯಲ್ಲ, ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಪಡೆಯಬಹುದು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಅಂಕ 0ಯಿಂದ 27. ಹತ್ತು ಅಥವಾ ಮೇಲಾದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಖಿನ್ನತೆಯ ಮಾತ್ರೆಯನ್ನೂ ಥೈರಾಯ್ಡ್ ಮಾತ್ರೆಯನ್ನೂ ಜೊತೆಗೆ ತಗೊಳ್ಳಬಹುದು. ಸರ್ಟ್ರಾಲಿನ್ ಎಂಬ ಖಿನ್ನತೆಯ ಮಾತ್ರೆ ಶುರು ಮಾಡಿದವರಲ್ಲಿ ಕೆಲವರಿಗೆ ಥೈರಾಯ್ಡ್ ಡೋಸ್ ಏರಿಸಬೇಕಾಗುತ್ತದೆ, ಆದ್ದರಿಂದ ಆರೆಂಟು ವಾರಕ್ಕೆ ಟಿಎಸ್‌ಎಚ್ ನೋಡಿಸಿ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಲ್ಲಿಯವರೆಗೆ ತರಗತಿ ನಡೆಯಬೇಕಲ್ಲ. ಮಕ್ಕಳು ಕೂರುವ ಜಾಗದ ನಕ್ಷೆಯನ್ನು ಹೆಸರು ಸಮೇತ ಮೇಜಿನ ಮೇಲೆ ಇಟ್ಟುಕೊಳ್ಳಿ. ಪಾಠದ ನಾಲ್ಕೈದು ಮುಖ್ಯ ಪದಗಳನ್ನು ಪಾಠ ಶುರುವಾಗುವ ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆದುಬಿಡಿ, ಪದ ಹುಡುಕಿ ತಡವರಿಸುವ ಹೊರೆ ಅರ್ಧಕ್ಕರ್ಧ ಇಳಿಯುತ್ತದೆ. ತಲೆ ಚುರುಕಾಗಿರುವ ಹೊತ್ತು ಯಾವುದೆಂದು ಒಂದು ವಾರ ಗುರುತು ಹಾಕಿ ನೋಡಿ, ಉತ್ತರಪತ್ರಿಕೆ ತಿದ್ದುವುದು, ಅಂಕ ಕೂಡುವುದು ಆ ಹೊತ್ತಿಗೆ. ಕುಕ್ಕರ್ ಇಟ್ಟರೆ ಫೋನಿನಲ್ಲಿ ಅಲಾರಂ. ಹಗಲು ನಿದ್ದೆ ಬೇಕೇ ಬೇಕೆನಿಸಿದರೆ ಮಧ್ಯಾಹ್ನ ಮೂರಕ್ಕೆ ಮೊದಲು, 20 ನಿಮಿಷ ಮಾತ್ರ. ಸಂಜೆ ಹತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ, ವಾರಕ್ಕೆ ಐದು ನಿಮಿಷ ಏರಿಸಿ. ಮನಸ್ಸಾದಾಗ ಹೋಗೋಣ ಎಂದರೆ ಈ ಕಾಯಿಲೆಯಲ್ಲಿ ಮನಸ್ಸಾಗುವುದೇ ಇಲ್ಲ, ಹೊತ್ತು ಗೊತ್ತು ಮಾಡಿಕೊಂಡು ಹೊರಡಿ.

ಪ್ರಶ್ನೆ: ನನ್ನ ತಂಗಿಗೆ 28. ಹೆರಿಗೆಯಾಗಿ ಐದೂವರೆ ತಿಂಗಳು. ಮಂಕಾಗಿ ಕೂರುತ್ತಾಳೆ, ಮಗುವನ್ನು ಎತ್ತಿಕೊಳ್ಳಲೂ ಬೇಸರ. ಬಾಣಂತಿಯರಿಗೆ ಇದೆಲ್ಲ ಇದ್ದದ್ದೇ ಎಂದು ಅವಳ ಅತ್ತೆ ಹೇಳುತ್ತಿದ್ದರು. ಟಿಎಸ್‌ಎಚ್ 14 ಬಂತು, 50 ಎಂಸಿಜಿ ಕೊಟ್ಟಿದ್ದಾರೆ. ಮರೆಯಬಾರದೆಂದು ಕಬ್ಬಿಣ, ಕ್ಯಾಲ್ಸಿಯಂ, ಥೈರಾಯ್ಡ್ ಮೂರನ್ನೂ ಬೆಳಿಗ್ಗೆ ಒಟ್ಟಿಗೆ ನುಂಗುತ್ತಾಳೆ. ಎದೆಹಾಲು ಕೊಡಬಹುದೇ? ಜೀವನಪೂರ್ತಿ ಮಾತ್ರೆ ಬೇಕೆ?

ಉತ್ತರ: ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು. ಹೆರಿಗೆಯಾದ ಒಂದು ವರ್ಷದೊಳಗೆ ಥೈರಾಯ್ಡ್ ಗ್ರಂಥಿಗೆ ಉರಿಯೂತ ಬರುವುದುಂಟು. ಮೊದಲ ಕೆಲವು ತಿಂಗಳು ಹಾರ್ಮೋನು ಹೆಚ್ಚಾಗಿ ಎದೆಬಡಿತ, ಸಿಡುಕು ಕಾಣಬಹುದು, ಆಮೇಲೆ, ಸಾಮಾನ್ಯವಾಗಿ ನಾಲ್ಕರಿಂದ ಎಂಟನೇ ತಿಂಗಳ ನಡುವೆ, ಕಡಿಮೆಯಾಗುತ್ತದೆ. ನಿಮ್ಮ ತಂಗಿ ಈಗ ಆ ಅವಧಿಯಲ್ಲೇ ಇದ್ದಾರೆ. ಹೆಚ್ಚಿನವರಿಗೆ ವರ್ಷ, ಒಂದೂವರೆ ವರ್ಷದಲ್ಲಿ ಗ್ರಂಥಿ ಚೇತರಿಸಿಕೊಳ್ಳುತ್ತದೆ. ಆಗ ವೈದ್ಯರು ಮಾತ್ರೆ ಇಳಿಸುತ್ತಾ ಬಂದು ನೋಡುತ್ತಾರೆ, ನೀವಾಗಿ ನಿಲ್ಲಿಸಬೇಡಿ. ಚೇತರಿಸಿಕೊಂಡವರಿಗೂ ವರ್ಷಕ್ಕೊಮ್ಮೆ ಟಿಎಸ್‌ಎಚ್ ಬೇಕು. ಮುಂದೆ ಮತ್ತೆ ಗರ್ಭಿಣಿಯಾದರೆ ಗೊತ್ತಾದ ವಾರವೇ ಪರೀಕ್ಷೆ ಮಾಡಿಸಿ.

ಎದೆಹಾಲು ಧಾರಾಳವಾಗಿ ಕೊಡಬಹುದು. ಮಾತ್ರೆಯಲ್ಲಿರುವುದು ದೇಹದ್ದೇ ಹಾರ್ಮೋನು, ಹಾಲಿಗೆ ಇಳಿಯುವುದು ತೀರಾ ಅತ್ಯಲ್ಪ.

ಮೂರನ್ನೂ ಒಟ್ಟಿಗೆ ನುಂಗುವುದನ್ನು ಮಾತ್ರ ಇವತ್ತೇ ಬಿಡಿಸಿ. ಬಾಣಂತಿಗೆ ಸರ್ಕಾರಿ ಆಸ್ಪತ್ರೆಯಿಂದ ಆರು ತಿಂಗಳಿಗೆ ಕಬ್ಬಿಣದ ಮಾತ್ರೆ ದಿನಕ್ಕೊಂದು, ಕ್ಯಾಲ್ಸಿಯಂ 500 ಮಿ.ಗ್ರಾಂ. ದಿನಕ್ಕೆರಡು ಕೊಡುತ್ತಾರೆ, ಅವನ್ನು ನಿಲ್ಲಿಸಬೇಕಿಲ್ಲ, ಹೊತ್ತು ಬೇರೆ ಮಾಡಿದರೆ ಸಾಕು. ಬೆಳಿಗ್ಗೆ ಆರಕ್ಕೆ ಮಗುವಿಗೆ ಹಾಲು ಕೊಡಲು ಎದ್ದಾಗ ಥೈರಾಯ್ಡ್ ಮಾತ್ರೆ. ಮಧ್ಯಾಹ್ನ ಒಂದಕ್ಕೆ ಊಟದ ಜೊತೆ ಕ್ಯಾಲ್ಸಿಯಂ. ಸಂಜೆ ಐದಕ್ಕೆ ಕಬ್ಬಿಣ, ಅದಕ್ಕೆ ನಿಂಬೆಹಣ್ಣಿನ ಪಾನಕ ಒಳ್ಳೆಯದು, ಟೀ ಬೇಡ. ರಾತ್ರಿ ಊಟಕ್ಕೆ ಇನ್ನೊಂದು ಕ್ಯಾಲ್ಸಿಯಂ. ಬೆಳಗಿನ ರಾಗಿ ಅಂಬಲಿಯನ್ನು ಏಳರ ಮೇಲಕ್ಕೆ ತಳ್ಳಿ, ರಾಗಿಯಲ್ಲೂ ಕ್ಯಾಲ್ಸಿಯಂ, ನಾರು ಹೆಚ್ಚು. ರಾಗಿಯನ್ನೇ ಬಿಡಬೇಕೆಂದು ಹಲವರು ಹೇಳುತ್ತಾರೆ. ಸಾಮಾನ್ಯ ಪ್ರಮಾಣದಲ್ಲಿ ಬೇಯಿಸಿ ತಿನ್ನುವ ರಾಗಿ, ಎಲೆಕೋಸು ಮಾತ್ರೆ ತಗೊಳ್ಳುವವರಿಗೆ ತೊಂದರೆ ಮಾಡವು. ಅಶ್ವಗಂಧ ಬೇಡ. ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಎದೆಹಾಲು ಕೊಡುವವರಿಗೆ ಅದರ ಸುರಕ್ಷತೆಯ ಖಾತ್ರಿಯೂ ಇಲ್ಲ.

ಟಿಎಸ್‌ಎಚ್ 14 ಸಿಕ್ಕಿತೆಂದು ಬಾಣಂತಿಯ ಖಿನ್ನತೆ ಇಲ್ಲ ಎಂದುಕೊಳ್ಳಬೇಡಿ, ಎರಡೂ ಒಟ್ಟಿಗೆ ಇರಬಹುದು. ರಾತ್ರಿ ಒಂದು ಹಾಲಿನ ಸರದಿಯನ್ನು, ಹಿಂಡಿಟ್ಟ ಹಾಲಿನಿಂದ, ಮನೆಯವರು ವಹಿಸಿಕೊಂಡರೆ ನಿಮ್ಮ ತಂಗಿಗೆ ಒಂದೇ ಸಮನೆ ನಾಲ್ಕೈದು ಗಂಟೆ ನಿದ್ದೆ ಸಿಗುತ್ತದೆ. ಮಗು ಮಲಗಿದ್ದರೂ ತಾಯಿಗೆ ದಿನಗಟ್ಟಲೆ ನಿದ್ದೆ ಬಾರದಿದ್ದರೆ, ಯಾರೋ ಮಾತಾಡಿದಂತೆ ಕೇಳಿಸಿದರೆ, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಒಬ್ಬರನ್ನೇ ಮಗುವಿನ ಜೊತೆ ಬಿಡಬೇಡಿ.

ಪ್ರಶ್ನೆ: ಅಮ್ಮನಿಗೆ 74. ಇತ್ತೀಚೆಗೆ ಮರೆವು, ಮಂಕು. ಟಿಎಸ್‌ಎಚ್ 6.2, ಟಿ4 ನಾರ್ಮಲ್. ಮಾತ್ರೆ ಕೊಡಿಸಿದರೆ ಮರೆವು ಹೋಗುತ್ತದೆಯೇ?

ಉತ್ತರ: ಹೋಗುವ ಸಾಧ್ಯತೆ ಕಡಿಮೆ. ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಏರುವುದು ಸಹಜ. 65 ದಾಟಿದ, ಇಂಥದೇ ರಿಪೋರ್ಟ್ ಇದ್ದ 737 ಜನರ ಮೇಲೆ ಯುರೋಪಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ‘ಟ್ರಸ್ಟ್’ ಎಂಬ ಹೆಸರಿನ ಅಧ್ಯಯನದಲ್ಲಿ ಥೈರಾಯ್ಡ್ ಮಾತ್ರೆಯಿಂದ ಸುಸ್ತಾಗಲಿ ಉಳಿದ ಲಕ್ಷಣಗಳಾಗಲಿ ಕಡಿಮೆಯಾಗಲಿಲ್ಲ. ಎರಡು ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸಿ. 10 ದಾಟಿದರೆ ಮಾತು ಬೇರೆ. ಆಗಲೂ ಈ ವಯಸ್ಸಿಗೆ 25 ಎಂಸಿಜಿ ಅಥವಾ ಅದಕ್ಕೂ ಕಡಿಮೆಯಿಂದ ಶುರು ಮಾಡುತ್ತಾರೆ, ಹೃದಯಕ್ಕೆ ಭಾರವಾಗದಿರಲೆಂದು.

ಮರೆವಿಗೆ ಬೇರೆ ಕಡೆ ಹುಡುಕಿ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರಲ್ಲಿಗೆ ಹೋಗಿ. ನಿದ್ದೆ ಮಾತ್ರೆ, ನೆಗಡಿ ಅಲರ್ಜಿಯ ಮಾತ್ರೆಗಳೇ ಹಿರಿಯರಲ್ಲಿ ಮಂಕು ತರುವುದು ಬಹಳ. ವರ್ಷಗಳಿಂದ ಸಕ್ಕರೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಬಿ12 ನೋಡಿಸಲೇಬೇಕು. ಕಿವಿ ಮಂದವಾಗಿದೆಯೇ, ಊಟ ಕಡಿಮೆಯಾಗಿದೆಯೇ, ಹೊರಗೆ ಹೋಗುವುದನ್ನೇ ಬಿಟ್ಟಿದ್ದಾರೆಯೇ ಎನ್ನುವುದನ್ನೂ ಹೇಳಿ. ಲಿಥಿಯಂ (ಮನಸ್ಸಿನ ಕಾಯಿಲೆಗೆ ಕೊಡುವ ಮಾತ್ರೆ) ಅಥವಾ ಅಮಿಯೊಡರೋನ್ (ಎದೆಬಡಿತ ತಾಳ ತಪ್ಪಿದಾಗ ಕೊಡುವ ಮಾತ್ರೆ) ತಗೊಳ್ಳುವವರಾದರೆ ಅದನ್ನು ಮೊದಲೇ ತಿಳಿಸಿ, ಎರಡೂ ಥೈರಾಯ್ಡ್ ಅನ್ನು ಕುಗ್ಗಿಸುವಂಥವು.