ಓಡಲು ತೋಟ, ಮಲಗಲು ಮನೆ

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ ಇದೆ. ತಮ್ಮ ಬಾಗಲಕೋಟೆ ಕಡೆಯಿಂದ ಐದು ತಿಂಗಳ ಮುಧೋಳ ಮರಿ ತಂದುಕೊಟ್ಟಿದ್ದಾನೆ. ಬೇಟೆ ನಾಯಿ ಒಳಗಿದ್ದರೆ ಮೆತ್ತಗಾಗುತ್ತೆ, ಗೇಟಿನ ಹತ್ತಿರ ಕಟ್ಟಿಹಾಕು ಅಂತಾರೆ ನಮ್ಮ ಯಜಮಾನರು. ದೇವರ ಕೋಣೆ ಇರುವ ಮನೆಗೆ ನಾಯಿ ಬರಬಾರದು ಅಂತ ಅತ್ತೆ. ರಾತ್ರಿಯೆಲ್ಲಾ ಅದು ಅಳುತ್ತೆ, ನನಗೆ ನಿದ್ದೆ ಇಲ್ಲ. ಇದೇ ವಿಷಯಕ್ಕೆ ಮನೆಯಲ್ಲಿ ದಿನಾ ಜಗಳ. ಏನು ಮಾಡಲಿ?

ಉತ್ತರ: ರಾತ್ರಿ ಮರಿಯನ್ನು ಒಳಗೆ ಮಲಗಿಸಿ. ಇದರಲ್ಲಿ ನಾನು ನಿಮ್ಮ ಪರ.

ಮರಿಯ ಪಕ್ಕೆಯ ಮೇಲೆ ಒಮ್ಮೆ ಕೈಯಾಡಿಸಿ. ಎಲುಬು ಸಿಗುತ್ತದೆ, ಕೊಬ್ಬು ಸಿಗುವುದಿಲ್ಲ. ಚರ್ಮ ತೆಳು, ಕೂದಲು ಗಿಡ್ಡ. ಓಟಕ್ಕೆ ಹೇಳಿ ಮಾಡಿಸಿದ ಮೈ ಅದು, ಚಳಿಗಲ್ಲ. ಮುಧೋಳ ಒಣ ಬಯಲುಸೀಮೆ. ನಿಮ್ಮಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸುಮ್ನೆ ಬಿಡುತ್ತದಾ? ಬರಿ ಸಿಮೆಂಟಿನ ಮೇಲೆ ಮಲಗಿದರೂ ಈ ನಾಯಿಗಳ ಮೊಣಕೈ ಗಡುಸಾಗಿ ಹುಣ್ಣಾಗುತ್ತದೆ. ಮಡಚಿದ ಗೋಣಿಚೀಲ, ಹಳೇ ಕಂಬಳಿ ಹಾಕಿ.

ಇನ್ನೊಂದು ಮಾತು ಯಜಮಾನರಿಗೆ ಹೇಳಲೇಬೇಕು. ಮಲೆನಾಡಿನಲ್ಲಿ ಚಿರತೆ ಅಂಗಳಕ್ಕೇ ಬಂದು ನಾಯಿ ಎತ್ತಿಕೊಂಡು ಹೋಗುವುದು ಹೊಸದಲ್ಲ. ಸರಪಳಿಯಲ್ಲಿರುವ ನಾಯಿಗೆ ಓಡುವ ದಾರಿಯೂ ಇಲ್ಲ. ಕಾವಲಿನ ಆಸೆಗೆ ಮರಿಯನ್ನೇ ಕಳೆದುಕೊಳ್ಳಬೇಕಾ?

ಮೆತ್ತಗಾಗುತ್ತೆ ಅನ್ನುವ ಭಯ ಬೇಡ. ಒಳಗೆ ಮಲಗಿದ ಮಾತ್ರಕ್ಕೆ ವೇಗ ಹೋಗುವುದಿಲ್ಲ, ಓಡದಿದ್ದರೆ ಹೋಗುತ್ತದೆ. ಬೆಳಿಗ್ಗೆ, ಸಂಜೆ ಕಾಫಿ ಕಣದಲ್ಲಿ ಮನಸಾರೆ ಓಡಲಿ, ಆ ಕೆಲಸ ಯಜಮಾನರಿಗೇ ಒಪ್ಪಿಸಿ. ಸುತ್ತ ಎತ್ತರದ ಬೇಲಿ ಇರಬೇಕು. ಈ ಜಾತಿ ಕಣ್ಣಿಗೆ ಬಿದ್ದದ್ದರ ಹಿಂದೆ ಓಡುತ್ತದೆ, ಆಗ ಕೂಗಿದರೆ ಕಿವಿಗೆ ಹೋಗುವುದಿಲ್ಲ. ಮೊಲದ ಹಿಂದೆ ಬಿಡುವ ಆಸೆ ಅವರಿಗಿದ್ದರೆ ಅದನ್ನೂ ಈಗಲೇ ತಡೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ.

ಅತ್ತೆಯ ಮಾತನ್ನು ತಳ್ಳಿಹಾಕಬೇಡಿ. ಮಡಿ ಅವರ ಬದುಕಿನ ಭಾಗ. ಮರಿ ನಡುಮನೆಗೆ ಬರಲೇಬೇಕು ಅಂತ ಹಟ ಯಾಕೆ? ಹಳೇ ಮನೆಯಾದರೆ ಹಿಂದೆ ಬಚ್ಚಲು ಇರುತ್ತದೆ ಅಲ್ವಾ? ನೀರೊಲೆ ಆರಿದ ಮೇಲೂ ಅಲ್ಲಿ ಬೆಚ್ಚಗಿರುತ್ತದೆ. ಪಕ್ಕದಲ್ಲಿ ಒಣಗಿದ ಮೂಲೆ ನೋಡಿ ಹಾಸಿಗೆ ಹಾಕಿ, ಬಾಗಿಲು ಭದ್ರ ಮಾಡಿ. ಅಡುಗೆಮನೆ, ದೇವರ ಕೋಣೆ ಕಡೆ ಬಿಡುವುದಿಲ್ಲ ಅಂತ ಅತ್ತೆಗೆ ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ. ಜಾಗ ಯಾವುದು ಅಂತ ಅವರನ್ನೇ ಕೇಳಿದರೆ ಇನ್ನೂ ಒಳ್ಳೆಯದು.

ಮೊದಲ ಕೆಲವು ರಾತ್ರಿ ಅಲ್ಲೂ ಅಳಬಹುದು. ತಾಯಿ, ಒಡಹುಟ್ಟಿದವರನ್ನು ಬಿಟ್ಟು ಬಂದ ಮರಿ. ನಿಮ್ಮ ಹಳೇ ಸೀರೆಯೊಂದನ್ನು ಹಾಸಿಗೆಗೆ ಸೇರಿಸಿ. ತೋಟದಿಂದ ಬಂದಾಗಲೆಲ್ಲ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಇದೆಯಾ ನೋಡಿ. ಊಟ ಬಿಟ್ಟು ಮಂಕಾದರೆ ತಡ ಮಾಡದೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.