ಕಷ್ಟದ ಮನೆಯಲ್ಲಿ ನಗು ಅಪರಾಧವಲ್ಲ

ಶಿವಮೊಗ್ಗ ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಯಜಮಾನರಿಗೆ ಎಂಟು ತಿಂಗಳ ಹಿಂದೆ ಲಕ್ವ ಹೊಡೆದು, ಬಲಗೈ ಬಲಗಾಲುಗಳ ಜೊತೆಗೆ ಮಾತೂ ಹೋಯಿತು. ನೀರು ಬೇಕೆಂದು ಕೇಳಲಾರದ ಅವರು, ಸಂಜೆ ದೇವರ ಮುಂದೆ ದಾಸರ ಪದ ಶುರುಮಾಡಿದರೆ ಮುಂದಿನ ಸಾಲನ್ನು ತಪ್ಪಿಲ್ಲದೆ ಹಾಡುತ್ತಾರೆ. ಒಂದು ದಿನ ಕಾಫಿ ಕೇಳಲು ಹೋಗಿ ‘ಕುರ್ಚಿ’ ಎಂದರಂತೆ. ‘ಕುರ್ಚಿಗೆ ಸಕ್ಕರೆ ಎಷ್ಟು ಹಾಕಲಿ’ ಎಂದು ಇವರು ಕೇಳಿದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಅದನ್ನು ಕಂಡ ಯಜಮಾನರ ಅಕ್ಕ, ‘ಗಂಡ ಈ ಸ್ಥಿತಿಯಲ್ಲಿರುವಾಗ ನಿನಗೆ ನಗು ಹೇಗಾದರೂ ಬರುತ್ತದೆ’ ಎಂದು ಗದರಿದ್ದಾರೆ. ಇನ್ನೊಂದೆಡೆ ಬೆಂಗಳೂರಿನಲ್ಲಿರುವ ಮಗ, ಭಜನೆ ಹರಕೆಗಳಿಂದ ಏನೂ ಆಗುವುದಿಲ್ಲ, ಸುಮ್ಮನೆ ಔಷಧಿ ಕೊಡು ಎನ್ನುತ್ತಾನೆ. ‘ನಾನು ನಗುವುದು ತಪ್ಪೇ? ನಂಬುವುದು ದಡ್ಡತನವೇ? ಧೈರ್ಯ ತುಂಬುವ ನಾಲ್ಕು ಮಾತು ಬರೆಯಿರಿ’ ಎಂದು ಪತ್ರ ಮುಗಿದಿದೆ.

ಮಾನ್ಯ ಓದುಗರೇ,

ಪತ್ರಿಕೆಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ನಮ್ಮನ್ನು ತಿದ್ದಲು ಬರುತ್ತವೆ, ಕೆಲವು ಹೊಗಳಲು ಬರುತ್ತವೆ. ನಿಮ್ಮ ಕಾಗದ ಓದಿ ಮುಗಿಸಿದಾಗ ನಾನು ಬಹಳ ದಿನಗಳಿಂದ ಹೇಳಬೇಕೆಂದಿದ್ದ ಒಂದು ವಿಷಯಕ್ಕೆ ದಾರಿ ಸಿಕ್ಕಿತು. ಕಷ್ಟ ಹೊಕ್ಕ ಮನೆಯಲ್ಲಿ ಮೊದಲು ಬಾಯಿ ಮುಚ್ಚಿಸಬೇಕಾದದ್ದು ನಗುವಿನದ್ದೇ ಎಂಬ ನಮ್ಮ ಸಮಾಜದ ಸಂಪ್ರದಾಯವನ್ನು ನಾನು ಒಪ್ಪುವುದಿಲ್ಲ. ನೀವು ನಕ್ಕದ್ದು ಸರಿ. ನಿಮ್ಮ ಯಜಮಾನರು ನಿಮ್ಮ ಜೊತೆ ನಕ್ಕದ್ದು ಇನ್ನೂ ದೊಡ್ಡ ವಿಷಯ. ಅವರ ಮಾತು ಕಳೆದಿರಬಹುದು, ಹಾಸ್ಯವನ್ನು ಹಿಡಿಯುವ ಬುದ್ಧಿ ಹಾಗೆಯೇ ಉಳಿದಿದೆ ಎಂಬುದನ್ನು ಆ ಒಂದು ನಗು ನಿಮಗೆ ತಿಳಿಸಿತು.

ನಿಮ್ಮ ಮಗನ ಮಾತಿನಲ್ಲಿಯೂ ನ್ಯಾಯವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಖ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ, ಆ ಹೊತ್ತಿನಲ್ಲಿ ಎಣ್ಣೆ ತಿಕ್ಕಿಸಲು ಊರೂರು ಸುತ್ತಿದವರು ಕಳೆದುಕೊಂಡದ್ದನ್ನು ಯಾವ ಹರಕೆಯೂ ತಂದುಕೊಡುವುದಿಲ್ಲ. ರಕ್ತದೊತ್ತಡದ ಮಾತ್ರೆಯನ್ನು ಒಂದು ದಿನವೂ ತಪ್ಪಿಸಬಾರದು, ಫಿಸಿಯೋಥೆರಪಿ ನಿಲ್ಲಿಸಬಾರದು. ಇಷ್ಟನ್ನು ನಿಮ್ಮ ಮಗ ಹೇಳಿದ್ದರೆ ನಾನು ಅವನ ಪಕ್ಷ. ಆದರೆ ಅವನು ಅಲ್ಲಿಗೆ ನಿಲ್ಲದೆ ಭಜನೆಯಿಂದ ಏನೂ ಆಗುವುದಿಲ್ಲ ಎಂದಿದ್ದಾನೆ. ಅವನು ನಂಬುವ ವಿಜ್ಞಾನವೇ ಈ ಮಾತನ್ನು ಒಪ್ಪುವುದಿಲ್ಲ ಎಂಬುದನ್ನು ಅವನಿಗೆ ಓದಿ ಹೇಳಿ.

ಬಹುಪಾಲು ಜನರಲ್ಲಿ ಮಾತಿನ ಕೇಂದ್ರಗಳಿರುವುದು ಮಿದುಳಿನ ಎಡಭಾಗದಲ್ಲಿ. ಅಲ್ಲಿ ಪೆಟ್ಟಾದಾಗ ಬಲಗೈ ಬಲಗಾಲುಗಳ ಜೊತೆ ಮಾತೂ ಹೋಗುವುದು ಅದಕ್ಕಾಗಿಯೇ. ಹೇಳಬೇಕಾದದ್ದು ಮನಸ್ಸಿನಲ್ಲಿ ಸ್ಪಷ್ಟವಾಗಿದ್ದರೂ ಅದಕ್ಕೆ ತಕ್ಕ ಪದ ಸಿಕ್ಕುವುದಿಲ್ಲ, ಒಂದು ಪದಕ್ಕೆ ಕೈಯಿಟ್ಟರೆ ಇನ್ನೊಂದು ಬರುತ್ತದೆ. ಆದರೆ ಬಾಲ್ಯದಿಂದ ನಾಲಗೆಗೆ ಹತ್ತಿಹೋದ ಹಾಡು, ಪ್ರಾರ್ಥನೆ, ಮಗ್ಗಿ, ವಾರಗಳ ಹೆಸರು ಇವೆಲ್ಲ ಎಷ್ಟೋ ರೋಗಿಗಳಲ್ಲಿ ಉಳಿದುಕೊಂಡಿರುತ್ತವೆ. 18ನೆಯ ಶತಮಾನದ ಮಧ್ಯಭಾಗದಲ್ಲಿಯೇ ಸ್ವೀಡನ್ನಿನ ಓಲೋಫ್ ಡಾಲಿನ್ ಇಂಥ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾನೆ: ಬಲಭಾಗ ಬಿದ್ದುಹೋಗಿ ಮಾತು ಕಳೆದುಕೊಂಡ ಆ ಮನುಷ್ಯ, ತನಗೆ ಮೊದಲೇ ಗೊತ್ತಿದ್ದ ಭಕ್ತಿಗೀತೆಗಳನ್ನು ಹಾಡುತ್ತಿದ್ದ, ಪ್ರಾರ್ಥನೆಗಳನ್ನು ಹೇಳುತ್ತಿದ್ದ. 1970ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನ ತಜ್ಞರು ಈ ಗಮನಿಕೆಯನ್ನೇ ಆಧಾರವಾಗಿಟ್ಟುಕೊಂಡು, ಬೇಕಾದ ಮಾತನ್ನು ರಾಗಕ್ಕೆ ಕೂಡಿಸಿ, ಎಡಗೈಯಿಂದ ತಾಳ ಹಾಕಿಸುತ್ತಾ, ಕ್ರಮೇಣ ರಾಗವನ್ನು ಕಳಚಿ ಮಾತನ್ನು ಉಳಿಸಿಕೊಳ್ಳುವ ಒಂದು ಚಿಕಿತ್ಸಾ ಕ್ರಮವನ್ನು ರೂಪಿಸಿದರು. ಎಲ್ಲರಿಗೂ ಅದು ಒಂದೇ ರೀತಿ ಫಲಿಸುವುದಿಲ್ಲ, ನಿಜ. ಆದರೂ ನಿಮ್ಮ ಯಜಮಾನರ ಬಾಯಿಂದ ಈಗ ತುಂಬು ವಾಕ್ಯವೊಂದು ಹೊರಡುವುದಿದ್ದರೆ ಅದು ಭಜನೆಯ ಹೊತ್ತಿನಲ್ಲಿ ಮಾತ್ರ. ಅದನ್ನು ನಿಲ್ಲಿಸಿ ಎನ್ನುವವರು ಇರುವ ಒಂದು ಬಾಗಿಲನ್ನೂ ಮುಚ್ಚಿ ಎನ್ನುತ್ತಿದ್ದಾರೆ.

ಇನ್ನು ನಗುವಿನ ಮಾತು. ನಾನೂ ನಿಮ್ಮಂತೆ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದವನು. ನನ್ನ ಚಿಕ್ಕಮ್ಮ ಹೃದಯದ ತೊಂದರೆಗೆ ಜಿಲ್ಲಾ ಕೇಂದ್ರವೊಂದರಲ್ಲಿ ಮಲಗಿದ್ದಾಗ ಪಕ್ಕದ ಹಾಸಿಗೆಯಲ್ಲಿ ಮಲೆನಾಡಿನ ಒಬ್ಬ ಅಡಿಕೆ ಬೆಳೆಗಾರರಿದ್ದರು. ನೋಡಲು ಬಂದವರೆಲ್ಲ ಮೂಸಂಬಿ ತಂದಿಟ್ಟು, ‘ಎಲ್ಲ ಅವನಿಚ್ಛೆ’ ಎಂದು ನಿಟ್ಟುಸಿರಿಟ್ಟು, ತಮ್ಮ ಊರಿನಲ್ಲಿ ಇದೇ ಕಾಯಿಲೆಯಿಂದ ತೀರಿಕೊಂಡವರ ಕಥೆ ಹೇಳಿ ಹೊರಟುಹೋಗುತ್ತಿದ್ದರು. ಅವರು ಹೋದ ಮೇಲೆ ಆ ಹಿರಿಯರು ನಮ್ಮ ಕಡೆ ತಿರುಗಿ, ‘ಡಾಕ್ಟರು ಉಪ್ಪು ಬಿಡಿ ಅಂದರು, ಬಿಟ್ಟೆ. ಎಣ್ಣೆ ಬಿಡಿ ಅಂದರು, ಬಿಟ್ಟೆ. ಇವತ್ತು ಚಿಂತೆಯನ್ನೂ ಬಿಡಿ ಅಂತಾರೆ. ಅದನ್ನೂ ಬಿಟ್ಟರೆ ಊಟಕ್ಕೆ ನೆಂಚಿಕೊಳ್ಳುವುದಾದರೂ ಏನನ್ನ?’ ಎಂದರು. ಚಿಕ್ಕಮ್ಮ ನಕ್ಕಳು, ರಕ್ತ ತೆಗೆಯಲು ಬಂದ ನರ್ಸ್ ನಕ್ಕಳು. ಅಷ್ಟು ದಿನ ಮುಖ ಗೋಡೆಗೆ ತಿರುಗಿಸಿ ಮಲಗಿದ್ದ ಮೂಲೆಯ ಹುಡುಗ ಎದ್ದು ಕುಳಿತು, ಏನೆಂದರು ಎಂದು ಕೇಳಿದ. ಮೂಸಂಬಿ ತಂದವರಲ್ಲಿ ಒಬ್ಬರೂ ಆ ವಾರ್ಡಿಗೆ ಅಷ್ಟು ಉಪಕಾರ ಮಾಡಲಿಲ್ಲ.

ಹೀಗೆ ಹಾಸ್ಯ ಮಾಡುವ ಹಕ್ಕು ನೋವು ಉಂಡವನಿಗೆ ಮೊದಲು ಸೇರಿದ್ದು ಎಂದು ನಾನು ನಂಬುತ್ತೇನೆ. ಹಾಸಿಗೆ ಹಿಡಿದವನು ತನ್ನ ಹಾಸಿಗೆಯ ಬಗ್ಗೆ ನಗೆಯಾಡಿದರೆ ಅದು ಧೈರ್ಯ. ನೋಡಲು ಬಂದವನು ಅದೇ ಹಾಸಿಗೆಯ ಬಗ್ಗೆ ನಗೆಯಾಡಿದರೆ ಅದು ಒರಟುತನ. ನೀವಿಬ್ಬರೂ ಹಾಸಿಗೆಯ ಒಂದೇ ಪಕ್ಕದಲ್ಲಿದ್ದೀರಿ. ಅದಕ್ಕಾಗಿಯೇ ಕುರ್ಚಿಗೆ ಸಕ್ಕರೆ ಕೇಳುವ ಹಕ್ಕು ನಿಮಗುಂಟು. ಅವರಿಗೆ ಕೋಪ ಬಂದ ದಿನ, ಪದ ಸಿಕ್ಕದೆ ಅವರ ಕಣ್ಣು ತುಂಬಿದ ದಿನ ಮಾತ್ರ ಆ ಹಕ್ಕನ್ನು ಬದಿಗಿಟ್ಟು ಸುಮ್ಮನೆ ಕೈ ಹಿಡಿದುಕೊಳ್ಳಿ.

ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ನಾಟ್ಸಿಗಳ ಯಾತನಾ ಶಿಬಿರಗಳಲ್ಲಿ ಬದುಕಿ ಉಳಿದವರು. ಅಲ್ಲಿ ಕಟ್ಟಡದ ಕೆಲಸದಲ್ಲಿ ತಮ್ಮ ಜೊತೆಗಿದ್ದ ಗೆಳೆಯನೊಂದಿಗೆ ಅವರು ಒಂದು ಒಪ್ಪಂದ ಮಾಡಿಕೊಂಡಿದ್ದರು: ಬಿಡುಗಡೆಯಾದ ಮೇಲೆ ನಡೆಯಬಹುದಾದ ಒಂದು ನಗೆಯ ಪ್ರಸಂಗವನ್ನು ಪ್ರತಿದಿನ ಒಬ್ಬರಿಗೊಬ್ಬರು ಕಟ್ಟಿ ಹೇಳಬೇಕು. ಶಿಬಿರದ ತಿಳಿಸಾರಿನಲ್ಲಿ ಬಟಾಣಿ ಸಿಕ್ಕುತ್ತಿದ್ದದ್ದು ತಳದಲ್ಲಿ ಮಾತ್ರವಾದ್ದರಿಂದ, ಮುಂದೊಂದು ದಿನ ದೊಡ್ಡ ಮನೆಯ ಔತಣದಲ್ಲಿ ಕುಳಿತಾಗ ಅಭ್ಯಾಸಬಲದಿಂದ ಮನೆಯೊಡತಿಗೆ ‘ದಯವಿಟ್ಟು ತಳದಿಂದ ಬಡಿಸಿ’ ಎಂದು ಬೇಡಿಕೊಂಡರೆ ಹೇಗಿರುತ್ತದೆ ಎಂದು ಅವರು ನಕ್ಕಿದ್ದರು. ಆ ಹಾಸ್ಯದ ಒಳಗಿರುವ ನಂಬಿಕೆಯನ್ನು ಗಮನಿಸಿ: ಬಿಡುಗಡೆ ಇದೆ, ಔತಣವಿದೆ, ಆ ಪಂಕ್ತಿಯಲ್ಲಿ ನಾನೂ ಕುಳಿತಿರುತ್ತೇನೆ. ನಗು ಮತ್ತು ನಂಬಿಕೆ ಬೇರೆಬೇರೆ ಎಂದು ನಿಮ್ಮ ಪತ್ರ ಎರಡು ಪ್ರಶ್ನೆ ಕೇಳಿದೆ. ನನಗೆ ಅವು ಒಂದೇ ಪ್ರಶ್ನೆಯಾಗಿ ಕಾಣುತ್ತವೆ.

ನಮ್ಮ ವೃತ್ತಿಯವರೇ ಆದ ಇನ್ನೊಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಅಮೆರಿಕದ ಪತ್ರಿಕಾ ಸಂಪಾದಕ ನಾರ್ಮನ್ ಕಸಿನ್ಸ್ 1964ರಲ್ಲಿ ಬೆನ್ನು ಮತ್ತು ಕೀಲುಗಳ ಭಯಂಕರ ನೋವಿನಿಂದ ಹಾಸಿಗೆ ಹಿಡಿದಾಗ, ಹಾಸ್ಯ ಚಿತ್ರಗಳನ್ನು ತರಿಸಿ ನೋಡತೊಡಗಿದರು. ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದೆ ನಿದ್ರೆ ಬರುತ್ತಿತ್ತೆಂದು ಬರೆದರು. 1976ರಲ್ಲಿ ಅವರ ಬರಹ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅವರ ರೋಗನಿರ್ಣಯವೇ ಸರಿಯಿತ್ತೇ ಎಂದು ಅನುಮಾನಿಸಿದ ವೈದ್ಯರಿದ್ದಾರೆ, ಒಬ್ಬರ ಅನುಭವ ಎಲ್ಲರ ಔಷಧಿಯಾಗದು ಎಂಬುದೂ ಸರಿ. ನಾನು ಅವರಿಂದ ತೆಗೆದುಕೊಳ್ಳುವುದು ಆ ಎರಡು ಗಂಟೆಯ ನಿದ್ರೆಯನ್ನು ಮಾತ್ರ. ದೀರ್ಘ ಕಾಯಿಲೆಯ ಮನೆಯಲ್ಲಿ ರೋಗಿಗೂ ಆರೈಕೆ ಮಾಡುವವರಿಗೂ ಎರಡು ಗಂಟೆಯ ನಿಶ್ಚಿಂತ ನಿದ್ರೆ ಎಂದರೆ ಎಷ್ಟು ದೊಡ್ಡದು ಎಂಬುದು ನಿಮಗೆ ಗೊತ್ತಿರುವಷ್ಟು ಯಾವ ವಿಮರ್ಶಕನಿಗೂ ಗೊತ್ತಿರಲಾರದು.

ಕನ್ನಡದಲ್ಲಿ ಈ ಮಾತನ್ನು ಬಾಳಿ ತೋರಿಸಿದವರು ಒಬ್ಬ ವೈದ್ಯರೇ. ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ, ಎರಡನೆಯ ಮಹಾಯುದ್ಧದ ಅಭಾವದ ದಿನಗಳಲ್ಲಿ, ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿ 1967ರವರೆಗೆ ನಡೆಸಿದರು. ಮುಂದೆ ದೇಶಕ್ಕೆಲ್ಲ ಪರಿಚಿತರಾದ ಆರ್. ಕೆ. ಲಕ್ಷ್ಮಣ್ ತಮ್ಮ ತಾರುಣ್ಯದಲ್ಲಿ ಅದಕ್ಕೆ ಚಿತ್ರ ಬರೆದರು. ರೋಗಿಯ ನಾಡಿ ಹಿಡಿದು ಗೊತ್ತಿದ್ದ ಕೈ, ಜನ ನಗಬೇಕಾದದ್ದು ಕಷ್ಟದ ಕಾಲದಲ್ಲಿಯೇ ಎಂದು ತೀರ್ಮಾನಿಸಿತ್ತು. ಇಂದು ಹಾಸ್ಯದ ಹೆಸರಿನಲ್ಲಿ ನಡೆಯುವ ಎಷ್ಟೋ ಕಾರ್ಯಕ್ರಮಗಳಲ್ಲಿ ಕೇಳಿಬರುವುದು ಹೆಂಡತಿಯ ಮೇಲಿನ, ದಪ್ಪಗಿರುವವರ ಮೇಲಿನ, ತೊದಲುವವರ ಮೇಲಿನ ಹಳಸಿದ ಮಾತುಗಳು. ತೊದಲುವ ಮಗುವಿನ ತಾಯಿಯೂ ಆ ಸಭೆಯಲ್ಲಿ ಕುಳಿತಿರಬಹುದು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ನಗುವನ್ನು ಕಷ್ಟದ ಮನೆಯಿಂದ ಹೊರಗಟ್ಟಿದ ಸಮಾಜ ಅದೇ ನಗುವನ್ನು ಕಷ್ಟದಲ್ಲಿರುವವರ ಮೇಲೆ ಪ್ರಯೋಗಿಸಲು ಅನುಮತಿ ಕೊಟ್ಟಿದೆ. ಇದು ನನ್ನನ್ನು ಬಹಳ ನೋಯಿಸುತ್ತದೆ. ಮತ್ತೊಂದು ಕಡೆ, ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಸುವಾಕ್ಯಗಳು, ಮೈಕ್ ಹಿಡಿದು ‘ಮನಸ್ಸಿದ್ದರೆ ಮಾರ್ಗ’ ಎಂದು ಎರಡು ಗಂಟೆ ಕೂಗಿ ಹೋಗುವ ಭಾಷಣಗಳು. ಮನಸ್ಸಿದ್ದೂ ಎದ್ದು ನಿಲ್ಲಲಾರದವನಿಗೆ ಇವು ಧೈರ್ಯ ಕೊಡುವುದಿಲ್ಲ, ಸೋಲಿನ ಹೊಣೆಯನ್ನೂ ಅವನ ತಲೆಗೇ ಕಟ್ಟುತ್ತವೆ.

ಅದಕ್ಕೇ ನೀವು ಕೇಳಿದ ಧೈರ್ಯದ ನಾಲ್ಕು ಮಾತನ್ನು ನಾನು ಬರೆಯುವುದಿಲ್ಲ. ಧೈರ್ಯ ತುಂಬುವುದು ಹೇಗೆಂಬುದನ್ನು ಗದುಗಿನ ಕಡೆ ನೋಡಿ ಕಲಿಯೋಣ. ಹುಟ್ಟಿನಿಂದ ದೃಷ್ಟಿಯಿಲ್ಲದ ಇಬ್ಬರು ಸೋದರರ ಕಂಠವನ್ನು ಕೇಳಿದ ಹಾನಗಲ್ಲ ಕುಮಾರಸ್ವಾಮಿಗಳು, ಆಶೀರ್ವಾದ ಮಾಡಿ ಕಳುಹಿಸಿಬಿಡಬಹುದಿತ್ತು. ಅವರು ಹುಡುಗರನ್ನು ತಮ್ಮ ಜೊತೆ ಕರೆತಂದು ಅನ್ನವಿಟ್ಟು ಸಂಗೀತ ವಿದ್ಯೆ ಕೊಡಿಸಿದರು. ಅವರಲ್ಲೊಬ್ಬರೇ ಮುಂದೆ ಗಾನಯೋಗಿ ಪಂಚಾಕ್ಷರ ಗವಾಯಿಗಳಾದರು. ಕರ್ನಾಟಕ ಹಿಂದೂಸ್ತಾನಿ ಎರಡನ್ನೂ ಸಾಧಿಸಿ, ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನೂ ಬಡ ಮಕ್ಕಳನ್ನೂ ಸೇರಿಸಿಕೊಂಡು ಹಾಡು ಕಲಿಸಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ಶೈಶವದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರಲ್ಲಿ ತಾವು ಕಣ್ಮುಚ್ಚುವವರೆಗೂ ನಡೆಸಿದರು. ಆ ಆಶ್ರಮದಲ್ಲಿ ಮಗುವಿಗೆ ‘ಹೆದರಬೇಡ’ ಎಂದು ಹೇಳುವುದರ ಬದಲು ಹಾರ್ಮೋನಿಯಂ ಮುಂದೆ ಕೂರಿಸಿದರು. ಆ ಗುರುಗಳ ದೈವಭಕ್ತಿಯಲ್ಲಿ ಕೈ ಕಟ್ಟಿ ಕುಳಿತ ಒಂದು ದಿನವೂ ಇರಲಿಲ್ಲ. ನಿಮ್ಮ ಮಗನಿಗೆ ನಂಬಿಕೆಯ ಬಗ್ಗೆ ಹೇಳುವುದಿದ್ದರೆ ಈ ಕಥೆಯನ್ನು ಹೇಳಿ.

ಒಂದು ವಿಷಯಕ್ಕೆ ಮಾತ್ರ ನಿಮ್ಮ ಮೇಲೆ ನನಗೆ ಬೇಸರವಿದೆ. ‘ಯಾರಾದರೂ ಸಹಾಯಕ್ಕೆ ಬಂದರೆ ಏನೂ ಬೇಡವೆಂದು ಹೇಳಿ ಕಳುಹಿಸುತ್ತೇನೆ’ ಎಂದು ಮೂರನೆಯ ಪುಟದಲ್ಲಿ ಬರೆದಿದ್ದೀರಿ. ಇಷ್ಟು ವರ್ಷ ಊರಿನ ಮಕ್ಕಳಿಗೆ ಅಕ್ಷರ ಕಲಿಸಿದ ನಿಮಗೆ ಈ ಬಿಗುಮಾನ ಸಲ್ಲದು. ಬಂದವರಿಗೆ ಕೆಲಸ ಹೇಳಿ. ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬ ವಾರಕ್ಕೊಮ್ಮೆ ಬಂದು ಪತ್ರಿಕೆ ಓದಿ ಹೇಳಲಿ, ನಿಧಾನವಾಗಿ, ನಡುವೆ ನಿಲ್ಲಿಸಿ, ಉತ್ತರಕ್ಕೆ ಕಾಯುತ್ತಾ. ಯಜಮಾನರ ಅಕ್ಕನಿಗೆ ತಮ್ಮನ ಎಳವೆಯ ಹಾಡುಗಳು ನಿಮಗಿಂತ ಚೆನ್ನಾಗಿ ಗೊತ್ತಿರುತ್ತವೆ. ಗದರಿದರೆಂದು ಅವರನ್ನು ದೂರ ಇಡಬೇಡಿ, ಸಂಜೆ ಮೊದಲ ಸಾಲನ್ನು ಅವರೇ ಎತ್ತಿಕೊಳ್ಳಲಿ. ಅಮೆರಿಕದ ರಾಬರ್ಟ್ ಪ್ರೊವೈನ್ ಎಂಬ ವಿಜ್ಞಾನಿ ನಗುವನ್ನು ವರ್ಷಗಟ್ಟಲೆ ಗಮನಿಸಿ, ಮನುಷ್ಯ ಒಂಟಿಯಾಗಿರುವಾಗಿನದಕ್ಕಿಂತ ಜೊತೆಯಲ್ಲಿರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆ ಎಂದು ಕಂಡುಕೊಂಡರು. ಮನೆಯ ಬಾಗಿಲು ಹಾಕಿಕೊಂಡರೆ ನೀವು ಉಳಿಸಿಕೊಂಡಿರುವ ಆ ನಗುವೂ ಸೊರಗುತ್ತದೆ.

ಕೊನೆಯದಾಗಿ, ಆರು ತಿಂಗಳ ಮೇಲೆ ಮಾತು ಸುಧಾರಿಸುವುದಿಲ್ಲ ಎಂದು ಯಾರೋ ಹೇಳಿದರೆಂದು ಬರೆದಿದ್ದೀರಿ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುವುದು ನಿಜ. ಆದರೆ ಸರಿಯಾದ ಅಭ್ಯಾಸವಿದ್ದರೆ ವರ್ಷಗಳ ನಂತರವೂ ಮಾತು ಸ್ವಲ್ಪಸ್ವಲ್ಪವೇ ಮರಳಿದ ಉದಾಹರಣೆಗಳಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಲಕ್ವದಿಂದ ಮಾತು ಹೋದವರಿಗೆ ಅಲ್ಲಿ ಪರೀಕ್ಷೆ ಮತ್ತು ವಾಕ್ ಚಿಕಿತ್ಸೆ ದೊರೆಯುತ್ತದೆ. ಪ್ರಯಾಣ ಕಷ್ಟವಾದರೆ ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಾಕ್ ಚಿಕಿತ್ಸಕರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ. ಮಗನಿಗೆ ಈ ಪತ್ರಿಕೆಯನ್ನು ಕಳುಹಿಸಿ, ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸವನ್ನು ಅವನಿಗೇ ವಹಿಸಿ. ಯಜಮಾನರು ಯಾವ ಯಾವ ಹಾಡುಗಳನ್ನು ಹಾಡಬಲ್ಲರು, ಯಾವ ಮಾತಿಗೆ ಯಾವ ಮಾತು ಬರುತ್ತದೆ ಎಂಬುದನ್ನು ನೋಟುಪುಸ್ತಕವೊಂದರಲ್ಲಿ ಈಗಿನಿಂದಲೇ ಬರೆದಿಡಿ. ಅಲ್ಲಿನ ಚಿಕಿತ್ಸಕರಿಗೆ ಅದು ನೆರವಾಗುತ್ತದೆ.

– ಸಂಪಾದಕ