ಸಿಲಾರೋ ಸ್ಪ್ರೇಯೋ ಆಮೇಲೆ, ಮೊದಲು ಪಿಎಚ್ ಮೀಟರ್ ನೋಡಿ

ಎಂ.ಎಸ್ಸಿ. ಪ್ರಾಜೆಕ್ಟಿಗೆ ಕ್ಯೂಪ್ರಸ್ ಆಕ್ಸೈಡ್ (ತಾಮ್ರದ ಕೆಂಪು ಆಕ್ಸೈಡ್) ಫಿಲ್ಮ್ ಮಾಡಲು ಸಿಲಾರ್ (ಗಾಜನ್ನು ದ್ರಾವಣಗಳಲ್ಲಿ ಸರದಿಯಂತೆ ಅದ್ದಿ ಪದರ ಕೂರಿಸುವುದು) ಒಳ್ಳೆಯದೋ ಸ್ಪ್ರೇ ಪೈರೋಲಿಸಿಸೋ (ಬಿಸಿ ಗಾಜಿನ ಮೇಲೆ ದ್ರಾವಣ ಸಿಂಪಡಿಸುವುದು) ಅಂತ ಕಾಸರಗೋಡಿನಿಂದ ಕೇಳಿದ್ದೀರಿ. ನಾನೂ ಹೀಗೇ ಕೇಳುತ್ತಿದ್ದವನು. ಎರಡೂ ಬೇಡ ಮಾರಾಯ್ರೆ! ಪೊಟೆನ್ಶಿಯೋಸ್ಟಾಟ್ (ಎಲೆಕ್ಟ್ರೋಡಿನ ವೋಲ್ಟೇಜನ್ನು ಹಿಡಿದಿಡುವ ಯಂತ್ರ) ಇದೆ ಅಂತ ನೀವೇ ಬರೆದಿದ್ದೀರಲ್ಲ, ಎಲೆಕ್ಟ್ರೋಡೆಪೊಸಿಶನ್ ಮಾಡಿ, ಅಂದರೆ ದ್ರಾವಣದಿಂದ ಕರೆಂಟಿನಲ್ಲಿ ಫಿಲ್ಮ್ ಕೂರಿಸಿ.

100 ಮಿ.ಲೀ. ಬಾತಿಗೆ (ಫಿಲ್ಮ್ ಕೂರಿಸುವ ದ್ರಾವಣಕ್ಕೆ) 10 ಗ್ರಾಂ ಕಾಪರ್ ಸಲ್ಫೇಟ್ (ಪೆಂಟಾಹೈಡ್ರೇಟ್), ಸುಮಾರು 26 ಮಿ.ಲೀ. ಲ್ಯಾಕ್ಟಿಕ್ ಆ್ಯಸಿಡ್ (ಶೇ. 88ರದ್ದು), 30 ಮಿ.ಲೀ. ಬೆಚ್ಚಗಿನ ಡಿಸ್ಟಿಲ್ಡ್ ವಾಟರ್. ಕಡಲ ಬದಿಯ ಬಾವಿ ನೀರು ಬೇಡವೇ ಬೇಡ; ಅದರ ಕ್ಲೋರೈಡ್ ಫಿಲ್ಮಿಗೆ ಸೇರಿದರೆ ಪಿ-ಟೈಪ್ ಗುಣವೇ (ಧನ ಆವೇಶದ 'ಹೋಲ್'ಗಳು ವಿದ್ಯುತ್ ಒಯ್ಯುವ ಗುಣ) ಕೆಡಬಹುದು. ಬೀಕರನ್ನು ಐಸಿನಲ್ಲಿಟ್ಟು ಗಟ್ಟಿ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಹನಿ ಬಿದ್ದಲ್ಲಿ ನೀಲಿ ಗಸಿ ಏಳುತ್ತದೆ, ಕಲಕಿದರೆ ಕರಗುತ್ತದೆ. ಲ್ಯಾಕ್ಟೇಟ್ ತಾಮ್ರವನ್ನು ಹಿಡಿದುಕೊಳ್ಳುವುದರಿಂದಲೇ ಕ್ಷಾರದಲ್ಲೂ ಅದು ತಳ ಸೇರುವುದಿಲ್ಲ. ಕೊನೆಗೆ ಶಾಯಿಯಂಥ ಕಡುನೀಲಿ, ಆದರೆ ತಿಳಿಯಾಗಿರಬೇಕು.

ಎಲ್ಲ ಕೆಡುವುದು ಪಿಎಚ್‌ನಲ್ಲಿ. ಪಿಎಚ್ 9ರಲ್ಲಿ ಹರಳುಗಳು (100) ದಿಕ್ಕಿಗೆ ಬೆಳೆಯುತ್ತವೆ, 12ರಲ್ಲಿ (111) ದಿಕ್ಕಿಗೆ; ಆವರಣದ ಅಂಕಿಗಳು ಹರಳಿನ ದಿಕ್ಕಿನ ಹೆಸರುಗಳು. ಮೀಟರನ್ನು 4 ಮತ್ತು 7ರ ಬಫರಿನಲ್ಲಷ್ಟೇ (ಪಿಎಚ್ ಗೊತ್ತಿರುವ ದ್ರಾವಣ) ಸರಿಮಾಡಿ 12 ಅಂತ ಓದಿದರೆ ಅದು ಬರೀ ಊಹೆ. 10ರ ಬಫರ್ ಬೇಕೇ ಬೇಕು, ಅದೂ ಹೊಸದು. ತೆರೆದಿಟ್ಟ ಬಾಟಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕೆಳಗಿಳಿದಿರುತ್ತದೆ. ಇಷ್ಟು ಸೋಡಿಯಂ ಇರುವ ಬಾತಿನಲ್ಲಿ ಮೀಟರಿನ ಗಾಜಿನ ಎಲೆಕ್ಟ್ರೋಡ್ ನಿಜಕ್ಕಿಂತ ಕಡಿಮೆ ತೋರಿಸುವುದೂ ಉಂಟು, ಹಳೆಯದಾದರಂತೂ ಹೇಳುವುದೇ ಬೇಡ. ತೂಕ ನೋಡಿ ಕ್ಷಾರ ಹಾಕುತ್ತೇನೆ ಅನ್ನಬೇಡಿ. ನಮ್ಮ ಮಳೆಗಾಲದಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳು ತಕ್ಕಡಿಯ ಮೇಲೆಯೇ ಬೆವರುತ್ತವೆ, ನೀವು ತೂಗುವುದರಲ್ಲಿ ನೀರೂ ಸೇರಿರುತ್ತದೆ. ಬಾತ್ ತಣ್ಣಗಾದ ಮೇಲೆ 25 ಡಿಗ್ರಿಯಲ್ಲಿ ಅಳೆದು, ಆ ಉಷ್ಣತೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಮತ್ತೆಲ್ಲ ಸಲೀಸು. ಎಫ್‌ಟಿಓ ಗಾಜು (ವಿದ್ಯುತ್ ಹರಿಯುವ ಲೇಪದ ಗಾಜು), ಬಾತ್ 60 ಡಿಗ್ರಿ, ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡಿಗೆ ಹೋಲಿಸಿ ಮೈನಸ್ 0.4 ವೋಲ್ಟ್. ಇನ್ನೂ ಕೆಳಗೆ ಎಳೆದರೆ ಬರಿ ತಾಮ್ರ ಕೂರುತ್ತದೆ. ದಪ್ಪಕ್ಕೆ ಗಡಿಯಾರ ನೋಡಬೇಡಿ, ಚಾರ್ಜ್ ನೋಡಿ: ಚದರ ಸೆಂ.ಮೀ.ಗೆ 0.8 ಕೂಲಂಬ್ ಹರಿದರೆ ಸರಿಸುಮಾರು 1 ಮೈಕ್ರಾನ್.

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇಯಿಂದ ಹರಳು ಗುರುತಿಸುವ ಪರೀಕ್ಷೆ) 38 ಡಿಗ್ರಿ ಕೋನದ ಹತ್ತಿರ ಪೀಕ್ ಬಂತು, ಫಿಲ್ಮಿನಲ್ಲಿ ಬೇರೆ ಆಕ್ಸೈಡ್ ಬೆರೆಯಿತು ಅಂತ ಬರೆದಿದ್ದೀರಿ. ಎಫ್‌ಟಿಓದ ಪೀಕೂ 37.8ರಲ್ಲೇ ಇದೆ, ಕ್ಯೂಪ್ರಿಕ್ ಆಕ್ಸೈಡಿನದು (ತಾಮ್ರದ ಕಪ್ಪು ಆಕ್ಸೈಡ್) 38.7. ಖಾಲಿ ಗಾಜಿನ ಸ್ಕ್ಯಾನ್ ಪಕ್ಕದಲ್ಲಿಟ್ಟು ಕ್ಯೂಪ್ರಿಕ್ ಆಕ್ಸೈಡಿನ ಇನ್ನೊಂದು ಪೀಕ್ 35.5 ಕೂಡ ಇದೆಯೇ ನೋಡಿ. ಇದ್ದರೆ, ಗಾಳಿಯಲ್ಲಿ 300 ಡಿಗ್ರಿ ಸೆಲ್ಸಿಯಸ್ ದಾಟಿಸಿ ಅನೀಲ್ ಮಾಡಿದ್ದೀರೋ (ಫಿಲ್ಮನ್ನು ಕಾಯಿಸಿದ್ದೀರೋ) ಏನೋ, ಅದನ್ನು ನಿಲ್ಲಿಸಿ.